ನಾಲ್ಕು ಜನ ಏನೆಂದಾರು?



ಮದುವೆ, ತೊಟ್ಟಿಲು, ಗೃಹಪ್ರವೇಶ, ಜಾತ್ರೆಗಳ ಕಾಲದಲ್ಲಿ ನಾವೆಲ್ಲರೂ ಒಂದು ದೃಶ್ಯವನ್ನು ಕಂಡಿರುತ್ತೇವೆ. ಅಂಗಳದಲ್ಲಿ ಬಂಧುಬಳಗವೆಲ್ಲ ಕಲೆತು ನಗುತ್ತಿರುವಾಗ ಆ ಮನೆಯ ಮಗನೋ ಮಗಳೋ ಒಳಕೋಣೆಯಲ್ಲಿ ಒಂಟಿಯಾಗಿ ಕುಳಿತಿರುವುದುಂಟು. ಕರೆದರೆ "ತಲೆ ನೋಯುತ್ತಿದೆ" ಎಂಬ ಉತ್ತರ ಬರುತ್ತದೆ. ಹಿರಿಯರೊಬ್ಬರು "ಬಲು ನಾಚಿಕೆಯ ಕೂಸು" ಎಂದರೆ, ಇನ್ನೊಬ್ಬರು "ಓದಿದ ಸೊಕ್ಕು" ಎನ್ನುತ್ತಾರೆ. ಹೀಗೆ ಎರಡು ಮಾತಿನಲ್ಲಿ ಆ ಜೀವದ ಪಾಡನ್ನು ಅಳೆದು ಮುಗಿಸಿ ನಾವು ಊಟದ ಪಂಕ್ತಿಯತ್ತ ನಡೆಯುತ್ತೇವೆ.

ಈ ತಪ್ಪನ್ನು ನಾವೂ ಮಾಡಿದ್ದೇವೆ. ಕೆಲವು ವರ್ಷಗಳ ಹಿಂದೆ ಬಂಧುಗಳ ಮನೆಯ ಗೃಹಪ್ರವೇಶದಲ್ಲಿ, ನಮ್ಮನ್ನು ದೊಡ್ಡಪ್ಪನೆಂದು ಕರೆಯುವ ಹೆಣ್ಣುಮಗಳನ್ನು ಪ್ರಾರ್ಥನೆ ಹಾಡಲು ಕರೆದೆವು. ಮನೆಯಲ್ಲಿ ಅವಳು ಇಂಪಾಗಿ ಹಾಡುವುದನ್ನು ಕೇಳಿದ್ದೆವು. "ಒಲ್ಲೆ ದೊಡ್ಡಪ್ಪ" ಎಂದಳು. ನಾವು ಬಿಡಲಿಲ್ಲ, ಕೈಹಿಡಿದು ಮೈಕಿನ ಮುಂದೆ ನಿಲ್ಲಿಸಿದೆವು. ಕೈ ನಡುಗಿತು, ಕಂಠ ಬಿಗಿಯಿತು, ದನಿ ಹೊರಡಲಿಲ್ಲ. ಯಾರೋ ನಕ್ಕರು. "ಕಾಲೇಜು ಕಲಿತದ್ದು ಇಷ್ಟಕ್ಕೇನಾ?" ಎಂದು ನಾವೂ ಹಗುರವಾಗಿ ಆಡಿದೆವು. ಅಂದಿನಿಂದ ಅವಳು ಯಾವ ಸಮಾರಂಭಕ್ಕೂ ಬರಲಿಲ್ಲ. ಮರುವರ್ಷ, ಮೌಖಿಕ ಪರೀಕ್ಷೆಯಿದೆಯೆಂಬ ಕಾರಣಕ್ಕೆ ಪದವಿಯ ಕೊನೆಯ ವರ್ಷದಲ್ಲಿ ಓದನ್ನೇ ನಿಲ್ಲಿಸಿದಳೆಂದು ಅವಳ ತಾಯಿ ಕಣ್ಣೀರಿಟ್ಟು ಹೇಳಿದರು. ನಮ್ಮ ಆ ಮಾತೊಂದೇ ಇದಕ್ಕೆ ಕಾರಣವೆನ್ನಲಾಗದು. ಭಯವು ಮೊದಲೇ ಅವಳಲ್ಲಿ ಮನೆ ಮಾಡಿತ್ತು. ಆದರೆ ಆ ಭಯದ ಪರವಾಗಿ ನಾವು ಸಾಕ್ಷಿ ನುಡಿದೆವು ಎಂಬುದು ಮಾತ್ರ ಸತ್ಯ.

ಆ ಬಳಿಕವೇ ನಾವು ಈ ವಿಷಯವನ್ನು ತಿಳಿಯಲು ತೊಡಗಿದೆವು. ಸಭಾಕಂಪವೆಂಬುದು ಮನುಷ್ಯಸಹಜ. ಹೊಸಬರೆದುರು ಎದೆ ಬಡಿದುಕೊಳ್ಳುವುದು, ಬಾಯಿ ಒಣಗುವುದು, ಅಂಗೈ ಬೆವರುವುದು ಯಾರಿಗೂ ತಪ್ಪಿದ್ದಲ್ಲ. ಸಂಕೋಚವೂ ಒಂದು ಸ್ವಭಾವವೇ ಹೊರತು ದೋಷವಲ್ಲ. ಆದರೆ ಇತರರು ನಮ್ಮನ್ನು ತೂಗಿ ನೋಡಿ ಹಗುರಗಾಣುವರೆಂಬ ಭೀತಿಯು ತಿಂಗಳುಗಟ್ಟಲೆ ಕಾಡಿ ಓದು, ಉದ್ಯೋಗ, ಸ್ನೇಹ, ಸಂಬಂಧಗಳಿಂದ ಮನುಷ್ಯನನ್ನು ದೂರ ಮಾಡಿದಾಗ ವೈದ್ಯರು ಅದನ್ನು ಸಾಮಾಜಿಕ ಆತಂಕದ ಕಾಯಿಲೆ ಎಂದು ಕರೆಯುತ್ತಾರೆ. ಬ್ರಿಟನ್ನಿನ ಮನೋವೈದ್ಯರಾದ ಐಸಾಕ್ ಮಾರ್ಕ್ಸ್ ಮತ್ತು ಮೈಕೆಲ್ ಗೆಲ್ಡರ್ 1966ರಲ್ಲಿ ಇದನ್ನು ಇತರ ಭಯಗಳಿಂದ ಬೇರ್ಪಡಿಸಿ ಗುರುತಿಸಿದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ರೋಗಸೂಚಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ದೊರೆಯಿತು. ಸಾಮಾನ್ಯವಾಗಿ ಇದು ತಲೆದೋರುವುದು ಹರೆಯದ ಹೊಸ್ತಿಲಲ್ಲಿ. ಆ ವಯಸ್ಸಿನ ಮಕ್ಕಳು ಮೌನವಾಗಿರುವುದನ್ನು ನಾವು ವಿನಯವೆಂದು ಮೆಚ್ಚುವುದರಿಂದ ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಈ ಭಯವು ಬೆಳೆಯುವ ಬಗೆಯನ್ನು ಅರಿತರೆ ಅರ್ಧ ಗೆದ್ದಂತೆ. ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ಮನೋವಿಜ್ಞಾನಿಗಳು 1995ರಲ್ಲಿ ಅದನ್ನು ಸ್ಪಷ್ಟವಾಗಿ ವಿವರಿಸಿದರು. ಅಂಜುವವನು ಸಭೆಗೆ ಬಂದೊಡನೆ ಅವನ ಗಮನವು ಸಭೆಯನ್ನು ಬಿಟ್ಟು ತನ್ನತ್ತಲೇ ತಿರುಗುತ್ತದೆ. ತನ್ನ ಕೈ ನಡುಗುತ್ತಿದೆಯೆ, ಮುಖ ಕೆಂಪೇರಿತೆ, ಮಾತು ತೊದಲಿತೆ ಎಂದು ಒಳಗೊಳಗೇ ಕಾವಲು ಕಾಯುತ್ತಾನೆ. ಒಳಗಿನ ತಳಮಳವೆಲ್ಲ ಹೊರಗೂ ಹಾಗೆಯೇ ಕಾಣುತ್ತಿದೆಯೆಂದು ನಂಬುತ್ತಾನೆ. ವಾಸ್ತವವಾಗಿ ಎದುರಿನವರಿಗೆ ಸಾಮಾನ್ಯವಾಗಿ ಅದರ ಬಹುಪಾಲು ತಿಳಿಯುವುದಿಲ್ಲ. ಕೊನೆಗೆ ಹಿತ್ತಿಲ ಬಾಗಿಲಿನಿಂದ ಜಾರಿಕೊಳ್ಳುತ್ತಾನೆ. ಜಾರಿಕೊಂಡೊಡನೆ ಎದೆ ಹಗುರಾಗುತ್ತದೆ. ಆ ಹಗುರವೇ ಮೋಸದ್ದು. "ಓಡಿದ್ದರಿಂದ ಉಳಿದೆ" ಎಂಬ ಪಾಠವನ್ನು ಮನಸ್ಸು ಕಲಿಯುತ್ತದೆ. ನಿಂತಿದ್ದರೂ ಉಳಿಯುತ್ತಿದ್ದೆನೆಂಬುದನ್ನು ಕಲಿಯಲು ಅವಕಾಶವೇ ದೊರೆಯುವುದಿಲ್ಲ. ಪ್ರತಿಯೊಂದು ಪಲಾಯನವೂ ಮುಂದಿನ ಭಯಕ್ಕೆ ಹಾಕಿದ ಗೊಬ್ಬರವಾಗುತ್ತದೆ.

ಮಹಾತ್ಮಾ ಗಾಂಧಿಯವರ ಬಾಳಿನ ಒಂದು ಸಂಗತಿ ಇಲ್ಲಿ ಸ್ಮರಣೀಯ. ಅವರಿಗೆ ಈ ಕಾಯಿಲೆಯಿತ್ತೆಂದು ನಾವು ಹೇಳಹೊರಟಿಲ್ಲ. ಆದರೆ ಅವರ ಸಂಕೋಚವು ಅತಿಶಯವಾಗಿತ್ತೆಂಬುದನ್ನು ಅವರೇ ಆತ್ಮಕಥೆಯಲ್ಲಿ ಮರೆಮಾಚದೆ ಹೇಳಿಕೊಂಡಿದ್ದಾರೆ. 1891ರಲ್ಲಿ ಬ್ಯಾರಿಸ್ಟರರಾಗಿ ಇಂಗ್ಲೆಂಡಿನಿಂದ ಮರಳಿದ ಮೇಲೆ ಮುಂಬಯಿಯ ಸಣ್ಣ ನ್ಯಾಯಾಲಯದಲ್ಲಿ ಮೊದಲ ಮೊಕದ್ದಮೆಗೆ ಎದ್ದು ನಿಂತರು. ತಲೆ ತಿರುಗಿತು, ಕೇಳಬೇಕಾದ ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಪಡೆದಿದ್ದ 30 ರೂಪಾಯಿಗಳನ್ನು ಹಿಂದಿರುಗಿಸಿ ಹೊರನಡೆದರು. 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ ಭಾರತೀಯರ ಸಭೆಯನ್ನು ಕೂಡಿಸಿ ವ್ಯಾಪಾರದಲ್ಲಿ ಸತ್ಯವನ್ನು ಪಾಲಿಸುವ ವಿಷಯವಾಗಿ ಮಾತನಾಡಿದರು. ಅದನ್ನೇ ತಮ್ಮ ಮೊದಲ ಸಾರ್ವಜನಿಕ ಭಾಷಣವೆಂದು ಅವರು ಎಣಿಸಿದ್ದಾರೆ. ಅಲ್ಲಿ ಅವರ ಗಮನವು ತಮ್ಮ ನಡುಗುವ ಕಾಲುಗಳ ಮೇಲಿರಲಿಲ್ಲ, ಎದುರಿದ್ದ ಜನರ ಕಷ್ಟದ ಮೇಲಿತ್ತು ಎಂದು ನಮಗನ್ನಿಸುತ್ತದೆ. ಅದೇ ವ್ಯಕ್ತಿ 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷ ಪೀಠದಲ್ಲಿ ಕುಳಿತರು. ಸಂಕೋಚವು ತಮ್ಮನ್ನು ಪೂರ್ಣವಾಗಿ ಬಿಟ್ಟುಹೋಗಲಿಲ್ಲವೆಂದೂ ಅವರು ಒಪ್ಪಿಕೊಂಡಿದ್ದಾರೆ. ಭಯವು ಅಳಿದ ಮೇಲೆ ನಡೆಯುತ್ತೇವೆಂದು ಕಾಯುವುದು ತರವಲ್ಲ. ಭಯವನ್ನು ಜೊತೆಗಿಟ್ಟುಕೊಂಡೇ ನಡೆಯಬೇಕು, ಅದು ದಾರಿಯಲ್ಲಿ ತಾನಾಗಿ ಕುಗ್ಗುತ್ತದೆ.

ಹಾಗಾದರೆ ಮನೆಯವರ ಕರ್ತವ್ಯವೇನು? ನಾವು ಎರಡು ಬಗೆಯಲ್ಲಿ ಎಡವುತ್ತೇವೆ. ಗದರಿಸಿ ಒಮ್ಮೆಲೇ ವೇದಿಕೆಗೆ ನೂಕುವುದು ಮೊದಲನೆಯದು. ಎರಡನೆಯದು ಮಮತೆಯ ತಪ್ಪು: ಮಗನ ಪರವಾಗಿ ನಾವೇ ಉತ್ತರಿಸುವುದು, ಮಗಳ ಬದಲು ನಾವೇ ಅಂಗಡಿಗೆ ಹೋಗುವುದು, "ಪಾಪ, ಅವನಿಗಾಗದು" ಎಂದು ಎಲ್ಲರಿಗೂ ಸಾರುವುದು. ನೂಕಿದರೆ ಗಾಯವಾಗುತ್ತದೆ, ಹೊತ್ತುಕೊಂಡರೆ ಕಾಲು ಬಲಿಯುವುದಿಲ್ಲ. ಇವೆರಡರ ನಡುವೆ ಮೆಟ್ಟಿಲುಗಳ ದಾರಿಯಿದೆ. ಅಂಜುವವರೊಡನೆ ಕುಳಿತು, ಅವರು ಅಂಜುವ ಸಂದರ್ಭಗಳನ್ನು ಸುಲಭವಾದುದರಿಂದ ಕಠಿಣವಾದುದರವರೆಗೆ ಬರೆಯಿಸಬೇಕು. ಬಸ್ಸಿನ ಕಂಡಕ್ಟರರನ್ನು ಊರಿನ ಹಾದಿ ಕೇಳುವುದು, ಕಿರಾಣಿ ಅಂಗಡಿಗೆ ತಾನೇ ಫೋನು ಮಾಡುವುದು, ಬಂದ ಅತಿಥಿಗಳಿಗೆ ನೀರು ಕೊಟ್ಟು ಕುಶಲ ಕೇಳುವುದು, ಹೀಗೆ. ಒಂದೊಂದು ಮೆಟ್ಟಿಲನ್ನೂ ಹಲವು ಸಲ ಏರಬೇಕು. ಎದೆಬಡಿತ ಇಳಿಯುವವರೆಗೆ ಅಲ್ಲಿಯೇ ನಿಲ್ಲಬೇಕು. ಮೆಟ್ಟಿಲನ್ನು ಆರಿಸುವ ಹಕ್ಕು ಅವರದೇ ಆಗಿರಬೇಕು.

ಇದಕ್ಕೆ ನಮ್ಮ ದಾಸೋಹದ ಪಂಕ್ತಿಗಿಂತ ಒಳ್ಳೆಯ ಅಭ್ಯಾಸದ ಸ್ಥಳವನ್ನು ನಾವು ಕಾಣೆವು. ಅಲ್ಲಿ ಬಡಿಸುವವನ ಮುಖವನ್ನು ಯಾರೂ ನೋಡುವುದಿಲ್ಲ, ಎಲ್ಲರ ದೃಷ್ಟಿಯೂ ಎಲೆಯ ಮೇಲಿರುತ್ತದೆ. ಬಡಿಸುವವನ ಗಮನವೂ ಯಾರಿಗೆ ಅನ್ನ ಬೇಕು, ಯಾರಿಗೆ ಸಾರು ಬೇಕು ಎಂಬುದರ ಕಡೆಗೇ ಇರಬೇಕಾಗುತ್ತದೆ. ತನ್ನನ್ನೇ ಕಾಯುತ್ತಿದ್ದ ಮನಸ್ಸು ಅರಿವಿಲ್ಲದೆ ಹೊರಕ್ಕೆ ತಿರುಗುತ್ತದೆ.

ಇನ್ನೆರಡು ಎಚ್ಚರಿಕೆಯ ಮಾತುಗಳು. ಸಮಾರಂಭಕ್ಕೆ ಹೋಗುವ ಮುನ್ನ ಧೈರ್ಯಕ್ಕೆಂದು ಗುಟ್ಟಾಗಿ ಕುಡಿಯುವ ತರುಣರಿದ್ದಾರೆ. ಅದು ಒಂದು ಸೆರೆಯಿಂದ ಇನ್ನೊಂದು ಸೆರೆಗೆ ಹೋದಂತೆ. ಹಾಗೆಯೇ ಕನ್ಯೆ ನೋಡುವ ಶಾಸ್ತ್ರದಲ್ಲಿ ಹತ್ತಾರು ಜನರ ಮಧ್ಯೆ ಹುಡುಗಿಯನ್ನು ಕೂರಿಸಿ ಪ್ರಶ್ನಿಸುವ ರೂಢಿಯನ್ನು ನಾವು ಬಿಡಲೇಬೇಕು. ಅಂಜದವರಿಗೂ ಅದು ಅಂಜಿಕೆ ಕಲಿಸುತ್ತದೆ.

ಮನೆಯ ಪ್ರಯತ್ನಕ್ಕೆ ಜಗ್ಗದಿದ್ದರೆ ವೈದ್ಯರ ಬಳಿಗೆ ಹೋಗಲು ನಾಚಬೇಕಾಗಿಲ್ಲ. ಆಲೋಚನೆ ಮತ್ತು ವರ್ತನೆಗಳನ್ನು ತಿದ್ದುವ ಮಾತಿನ ಚಿಕಿತ್ಸೆಯು ಇದಕ್ಕೆ ಬಹಳ ಪ್ರಯೋಜನಕಾರಿ. ಅವಶ್ಯವಿದ್ದರೆ ಔಷಧವನ್ನೂ ಕೊಡುತ್ತಾರೆ. ಅದು ಫಲ ಕೊಡಲು ಕೆಲವು ವಾರಗಳು ಬೇಕು, ನಡುವೆ ತಾವಾಗಿ ನಿಲ್ಲಿಸಬಾರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನಾಗಲಿ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನಾಗಲಿ ಕಾಣಬಹುದು. ಎದುರು ಕುಳಿತು ಹೇಳಲೂ ಅಂಜುವವರು 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ನಮ್ಮ ಆ ಮಗಳ ಮನೆಗೆ ನಾವು ಹೋದೆವು. ಅವಳ ತಾಯಿತಂದೆಯರೆದುರಿಗೇ, "ಅಂದು ನಾವು ಮಾಡಿದ್ದು ತಪ್ಪು ತಾಯಿ" ಎಂದೆವು. ಬಹು ಹೊತ್ತು ಅವಳು ಸುಮ್ಮನಿದ್ದಳು. ಬಳಿಕ, "ಇನ್ನು ಮೇಲೆ ಎಲ್ಲರೆದುರು ಹೆಸರು ಹಿಡಿದು ಕರೆಯುವುದಿಲ್ಲವೆಂದರೆ ಬರುತ್ತೇನೆ ದೊಡ್ಡಪ್ಪ" ಎಂದಳು. ಮಾತು ಕೊಟ್ಟೆವು. ಮೊದಲ ಸಲ ಪಂಕ್ತಿಯಲ್ಲಿ ನೀರು ಬಡಿಸಿ ಒಳಗೆ ಹೋದಳು. ಮುಂದಿನ ಸಲ ಪಂಕ್ತಿ ಮುಗಿಯುವವರೆಗೆ ನಿಂತಳು. ವೈದ್ಯರ ಸಲಹೆಯೂ ಜೊತೆಗಿತ್ತು. ಎರಡು ವರ್ಷಗಳ ತರುವಾಯ ಬಿಟ್ಟ ಪರೀಕ್ಷೆಗೆ ಕುಳಿತು ತೇರ್ಗಡೆಯಾದಳು. ಈಗಲೂ ಅವಳ ಕೈ ನಡುಗುತ್ತದೆಯಂತೆ. ಅವಳು ಸಭೆಯಲ್ಲಿ ಹಾಡಿದ್ದನ್ನು ನಾವು ಇನ್ನೂ ಕೇಳಿಲ್ಲ, ಕೇಳಬೇಕೆಂದು ಒತ್ತಾಯಿಸಿಯೂ ಇಲ್ಲ.

"ನಾಲ್ಕು ಜನ ಏನೆಂದಾರು?" ಎಂದು ನಮ್ಮ ಮಕ್ಕಳು ಅಂಜುತ್ತಾರೆ. ಆ ನಾಲ್ಕು ಜನ ಬೇರೆ ಯಾರೋ ಅಲ್ಲ, ನಾವೇ. ಮುಂದಿನ ಸಮಾರಂಭದಲ್ಲಿ ಒಳಕೋಣೆಯ ಬಾಗಿಲು ಮುಚ್ಚಿದ್ದು ಕಂಡರೆ ನಗದೆ, ಗದರದೆ, ಮೆಲ್ಲನೆ ಬಾಗಿಲು ತಟ್ಟಿ ಪಕ್ಕದಲ್ಲಿ ಕುಳಿತುಕೊಳ್ಳೋಣ.