ಹುಡುಕುವವರ ಕಣ್ಣಿಗೆ ಬೀಳದವರು

ಪೀಣ್ಯ ಎರಡನೇ ಹಂತದ ಕಾರ್ಖಾನೆಗಳ ಗೇಟುಗಳಲ್ಲಿ ಇಂದಿಗೂ ‘ಬೇಕಾಗಿದ್ದಾರೆ’ ಎಂಬ ಬೋರ್ಡು ತೂಗುತ್ತದೆ. ಸಿಎನ್‌ಸಿ ಆಪರೇಟರ್, ವಿಎಂಸಿ ಸೆಟ್ಟರ್, ಫಿಟ್ಟರ್, ಹೆಲ್ಪರ್. ಕೆಳಗೊಂದು ಮೊಬೈಲ್ ನಂಬರು. ಊರಿನ ಇನ್ನೊಂದು ತುದಿಯ ವೈಟ್‌ಫೀಲ್ಡ್‌ನಲ್ಲಿ ಇಂಥ ಬೋರ್ಡು ಕಾಣುವುದಿಲ್ಲ. ಅಲ್ಲಿ ನೇಮಕಾತಿ ನೋಡಿಕೊಳ್ಳುವವರು ಲಿಂಕ್ಡ್‌ಇನ್ನೋ ನೌಕ್ರಿಯೋ ತೆರೆದು, ಕೌಶಲದ ಹೆಸರು, ಅನುಭವದ ವರ್ಷ, ಊರು, ನೋಟಿಸ್ ಪೀರಿಯಡ್ ಎಂದು ಖಾನೆಗಳನ್ನು ತುಂಬಿ ಹುಡುಕುತ್ತಾರೆ. ನೂರಾರು ಹೆಸರು ಬರುತ್ತವೆ. ಸಂಜೆಯೊಳಗೆ ಇಷ್ಟು ಪ್ರೊಫೈಲ್ ಕಳಿಸಬೇಕೆಂಬ ಟಾರ್ಗೆಟ್ ತಲೆಯ ಮೇಲಿರುವಾಗ ಮೊದಲ ಕೆಲವು ಪುಟಗಳಾಚೆ ಹೋಗಲು ಯಾರಿಗೂ ಪುರಸೊತ್ತಿರುವುದಿಲ್ಲ. ತೊಂಬತ್ತು ದಿನದ ನೋಟಿಸ್ ಇರುವವನು ಎಷ್ಟೇ ಬಲ್ಲವನಾದರೂ ‘ಇಮ್ಮೀಡಿಯೇಟ್ ಜಾಯ್ನರ್’ ಎದುರು ಹಿಂದೆ ಬೀಳುತ್ತಾನೆ. ಹೀಗೆ ಕಣ್ಣಿಗೆ ಬೀಳುವುದನ್ನೇ ಯೋಗ್ಯತೆ ಎಂದು ನಂಬಬಹುದೇ ಎಂಬುದು ನನ್ನ ಪ್ರಶ್ನೆ. ನಂಬಬಾರದು ಎಂದೇ ನಾನು ವಾದಿಸುತ್ತೇನೆ.

ಹಾಗೆಂದು ಹಳೆಯ ಪದ್ಧತಿಯೇ ಚೆನ್ನಾಗಿತ್ತು ಎನ್ನುವವರ ಜೊತೆಗೂ ನಾನಿಲ್ಲ. ಬೆಂಗಳೂರಿನಲ್ಲಿ ಕೆಲಸವೆಂದರೆ ಬಹುಕಾಲ ಊರಿನವರು, ಜಾತಿಯವರು, ಹಾಸ್ಟೆಲಿನಲ್ಲಿ ಜೊತೆಗಿದ್ದವರು ಹೇಳಿ ಕೊಡಿಸುವ ಸಂಗತಿಯಾಗಿತ್ತು. ಹೇಳಿ ಕೊಡಿಸುವವರಿಲ್ಲದ ಮನೆಯ ಮಕ್ಕಳಿಗೆ ಆ ಬಾಗಿಲು ತೆರೆಯುತ್ತಲೇ ಇರಲಿಲ್ಲ. 1997ರಲ್ಲಿ ನೌಕ್ರಿ, 2003ರಲ್ಲಿ ಲಿಂಕ್ಡ್‌ಇನ್ ಬಂದ ಮೇಲೆ, ಕ್ಯಾಂಪಸ್‌ಗೆ ಯಾವ ಕಂಪನಿಯೂ ಕಾಲಿಡದ ಕಾಲೇಜಿನಲ್ಲಿ ಓದಿದ ಸಿಂಧನೂರಿನ ಹುಡುಗಿಯೂ ಎಲೆಕ್ಟ್ರಾನಿಕ್ ಸಿಟಿಯ ಮ್ಯಾನೇಜರಿಗೆ ನೇರವಾಗಿ ಬರೆಯಬಹುದಾಯಿತು. ಇದು ಸಣ್ಣ ಬದಲಾವಣೆಯಲ್ಲ.

ಅಪರಿಚಿತರಿಗೆ ಬರೆದರೆ ಏನು ಪ್ರಯೋಜನ ಎಂದು ಹಿಂಜರಿಯುವವರು ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು 1973ರಲ್ಲಿ ಬರೆದದ್ದನ್ನು ತಿಳಿಯಬೇಕು. ಬಾಸ್ಟನ್ ಪಕ್ಕದ ನ್ಯೂಟನ್‌ನಲ್ಲಿ ಪರಿಚಯಸ್ಥರ ಮೂಲಕ ಕೆಲಸ ಹಿಡಿದವರನ್ನು ಅವರು ವಿಚಾರಿಸಿದರು. ಆ ಪರಿಚಯಸ್ಥರನ್ನು ಆಗಾಗ ಕಾಣುತ್ತಿದ್ದವರು ನೂರಕ್ಕೆ ಸುಮಾರು 17 ಮಂದಿ ಮಾತ್ರ. ಉಳಿದವರಿಗೆ ಅವರು ಯಾವಾಗಲೋ ಒಮ್ಮೆ ಸಿಗುವವರು. ಕಾರಣ ಸರಳ. ನಮ್ಮ ಹತ್ತಿರದವರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ದೂರದವರಿಂದ ಬರುತ್ತದೆ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲಿನ ಪ್ರಯೋಗಗಳಿಂದ ಈ ಮಾತನ್ನು ಪರೀಕ್ಷಿಸಿತು. ತೀರಾ ಅಪರಿಚಿತರೂ ಅಲ್ಲದ, ತೀರಾ ಆಪ್ತರೂ ಅಲ್ಲದ ಪರಿಚಯಗಳೇ ಕೆಲಸ ಬದಲಿಸಲು ಹೆಚ್ಚು ನೆರವಾಗುತ್ತವೆ ಎಂದು ಕಂಡಿತು. ನಮಗೆ ಮುಖ್ಯವಾದದ್ದು ಅದರ ಇನ್ನೊಂದು ಮಾತು. ಡಿಜಿಟಲ್ ಬಳಕೆ ಹೆಚ್ಚಿರುವ ಉದ್ಯಮಗಳಲ್ಲಿ ದೂರದ ಪರಿಚಯ ಫಲ ಕೊಟ್ಟರೆ, ಅದು ಕಡಿಮೆಯಿರುವ ಉದ್ಯಮಗಳಲ್ಲಿ ಹತ್ತಿರದವರೇ ಹೆಚ್ಚು ಉಪಕಾರಕ್ಕೆ ಬಂದರು. ವೈಟ್‌ಫೀಲ್ಡ್ ಮತ್ತು ಪೀಣ್ಯಗಳ ನಡುವಿನ ಅಂತರವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಹಾಗಾದರೆ ಪೀಣ್ಯದವರಿಗೆ ಈ ಜಾಲ ಬೇಡವೇ? ಬೇಕು. ಆದರೆ ಅಲ್ಲಿ ಅವರು ಹೇಗೆ ಕಾಣಿಸಿಕೊಳ್ಳುತ್ತಿದ್ದಾರೆ ನೋಡಿ. ಏಳೆಂಟು ವರ್ಷ ವಿಎಂಸಿ ಮಷೀನಿನ ಮುಂದೆ ನಿಂತ ಸೆಟ್ಟರ್‌ನ ಪ್ರೊಫೈಲಿನಲ್ಲಿ ‘ಹಾರ್ಡ್ ವರ್ಕಿಂಗ್, ಟೀಮ್ ಪ್ಲೇಯರ್’ ಎಂದಿರುತ್ತದೆ. ಸೈಬರ್ ಸೆಂಟರಿನವರು ಎಲ್ಲರಿಗೂ ಅಂಟಿಸುವ ಸಾಲು. ಅವನು ದಿನವೂ ಮಾಡುವುದೇ ಬೇರೆ. ಡ್ರಾಯಿಂಗ್ ಓದಿ, ಫಿಕ್ಸ್‌ಚರ್ ಕೂರಿಸಿ, ಟೂಲ್ ಆಫ್‌ಸೆಟ್ ಕೊಟ್ಟು, ಫಸ್ಟ್ ಪೀಸ್ ತೆಗೆದು, ಬೋರ್ ಗೇಜ್ ಇಟ್ಟು ಅಳೆಯುತ್ತಾನೆ. ಹತ್ತು ಮೈಕ್ರಾನ್ ಆಚೀಚೆಯಾದರೆ ಇಡೀ ಲಾಟ್ ರಿಜೆಕ್ಟ್ ಆಗುತ್ತದೆಂದು ಅವನಿಗೆ ಗೊತ್ತು. ಯಾವ ಕಂಟ್ರೋಲ್, ಫ್ಯಾನುಕ್ಕೋ ಸೀಮೆನ್ಸೋ. ಯಾವ ಲೋಹ, ಅಲ್ಯೂಮಿನಿಯಮ್ಮೋ ಟೈಟಾನಿಯಮ್ಮೋ. ಎಷ್ಟು ಟಾಲರೆನ್ಸ್ ಹಿಡಿದಿದ್ದಾನೆ ಎಂಬ ನಾಲ್ಕು ಸಾಲು ಬರೆದರೆ, ಅಂಥವನನ್ನೇ ಅರಸುತ್ತಿರುವವರಿಗೆ ಅವನು ಸಿಗುತ್ತಾನೆ. ಬರೆಯದಿದ್ದರೆ ಆ ಹುಡುಕಾಟದ ಪಾಲಿಗೆ ಅವನು ಇಲ್ಲವೇ ಇಲ್ಲ. ಕೊರತೆ ಕೈಯಲ್ಲಿಲ್ಲ, ಕಾಗದದಲ್ಲಿದೆ. ಸಾಫ್ಟ್‌ವೇರಿನವರ ಕಥೆಯೂ ಬಹಳ ಬೇರೆಯೇನಲ್ಲ. ಪ್ರಾಜೆಕ್ಟಿನ ಹೆಸರಷ್ಟೇ ಬರೆದು, ಅದರಲ್ಲಿ ತಾನು ಬಿಡಿಸಿದ ಕಗ್ಗಂಟು ಯಾವುದೆಂದು ಬರೆಯದವರು ಅಲ್ಲೂ ತುಂಬಿದ್ದಾರೆ.

ಬರೆಯದಿರುವುದಕ್ಕೆ ನಮ್ಮವರ ಸಂಕೋಚವೂ ಕಾರಣ. ತನ್ನನ್ನು ತಾನೇ ಹೊಗಳಿಕೊಳ್ಳಬಾರದೆಂದು ಮನೆಯಲ್ಲಿ ಹೇಳಿ ಬೆಳೆಸಿರುತ್ತಾರೆ. ಆ ಮರ್ಯಾದೆಯ ಬಗ್ಗೆ ನನಗೆ ಗೌರವವಿದೆ. ದಿನಕ್ಕೊಂದು ಸ್ಫೂರ್ತಿಯ ಪೋಸ್ಟ್ ಹಾಕಿ, ಲೈಕು ಎಣಿಸಿ ಎಂಬ ಉಪದೇಶದ ಬಗ್ಗೆ ಇಲ್ಲ. ಮಾಡಿದ ಕೆಲಸವನ್ನು ಇದ್ದದ್ದು ಇದ್ದಂತೆ ತಿಳಿಸುವುದು ಹೊಗಳಿಕೆಯಲ್ಲ, ಎದುರಿನವರಿಗೆ ಬೇಕಾದ ಮಾಹಿತಿ. ಹಾಗೆಯೇ, ಹಿಂದೊಮ್ಮೆ ಜೊತೆಗೆ ಕೆಲಸ ಮಾಡಿ ಈಗ ಬೇರೆಡೆ ಇರುವ ಸೂಪರ್‌ವೈಸರಿಗೆ, ‘ಸರ್, ನಿಮ್ಮಲ್ಲಿ ಓಪನಿಂಗ್ ಇದ್ದರೆ ತಿಳಿಸಿ’ ಎಂದು ಒಂದು ಸಾಲು ಹಾಕುವುದರಲ್ಲಿ ದೈನ್ಯವೇನಿಲ್ಲ.

ಆದರೆ ಇಷ್ಟಕ್ಕೇ ಮಾತು ನಿಲ್ಲಿಸಿದರೆ ಹೊರೆಯನ್ನೆಲ್ಲ ಕೆಲಸ ಹುಡುಕುವವರ ತಲೆಗೆ ಹೊರಿಸಿದಂತಾಗುತ್ತದೆ. 1959ರ ಉದ್ಯೋಗ ವಿನಿಮಯ ಕೇಂದ್ರಗಳ ಕಾಯ್ದೆಯು ಖಾಲಿ ಹುದ್ದೆಯನ್ನು ತಿಳಿಸುವ ಹೊಣೆಯನ್ನು ಕೆಲಸ ಕೊಡುವವರ ಮೇಲಿಟ್ಟಿತ್ತು. 25 ಅಥವಾ ಹೆಚ್ಚು ಮಂದಿ ದುಡಿಯುವ ಖಾಸಗಿ ಸಂಸ್ಥೆಗಳಿಗೂ ಅದು ಅನ್ವಯಿಸುತ್ತಿತ್ತು. ಕೇಂದ್ರದ ಮೂಲಕವೇ ನೇಮಿಸಿಕೊಳ್ಳಬೇಕೆಂಬ ಕಡ್ಡಾಯವಿಲ್ಲದ್ದರಿಂದ ಕಾಯ್ದೆ ಸೊರಗಿತು, ನಿಜ. ಆದರೂ ಅದರ ಹಿಂದಿನ ತತ್ವ ಸರಿಯಾಗಿತ್ತು. ಇಂದು ಹುದ್ದೆ ಮರೆಯಲ್ಲಿದೆ, ಕಾಣಿಸಿಕೊಳ್ಳಬೇಕಾದವನು ಕೆಲಸಗಾರ. ‘ಓಪನ್ ಟು ವರ್ಕ್’ ಎಂದು ಫೋಟೊಗೆ ಹಸಿರು ಪಟ್ಟಿ ಹಾಕಿಕೊಂಡವರಿಗೆ, ರಿಜಿಸ್ಟ್ರೇಷನ್ ಫೀಸ್ ಕಟ್ಟಿ ಎನ್ನುವ ವಂಚಕರ ಸಂದೇಶವೂ ಬರುತ್ತದೆ.

2024ರ ಜುಲೈನಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ 50, ಇತರ ಹುದ್ದೆಗಳಲ್ಲಿ ಶೇ 70 ಮೀಸಲಿಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮಿಗಳ ವಿರೋಧದ ನಡುವೆ ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಯೋಗ್ಯರು ಸ್ಥಳೀಯರಲ್ಲಿ ಸಿಗುತ್ತಾರೋ ಇಲ್ಲವೋ ಎಂದು ಎರಡೂ ಕಡೆಯವರು ಜಗಳವಾಡಿದರು. ಸಿಗುವುದಿಲ್ಲ ಎನ್ನುವವರು ಎಲ್ಲಿ, ಯಾವ ಭಾಷೆಯಲ್ಲಿ, ಯಾವ ಪದ ಟೈಪಿಸಿ ಹುಡುಕಿದ್ದರು ಎಂದು ಕೇಳುವುದು ಅಷ್ಟೇ ಅಗತ್ಯವಾಗಿತ್ತು. ಆಳು ಸಿಗುತ್ತಿಲ್ಲ ಎಂದು ಕೊರಗುವ ಪೀಣ್ಯದ ಮಾಲೀಕರಿಗೂ ಈ ಪ್ರಶ್ನೆ ಸಲ್ಲುತ್ತದೆ. ಗೇಟಿನ ಬೋರ್ಡಿನಲ್ಲಾಗಲಿ ಆ್ಯಪ್‌ನಲ್ಲಾಗಲಿ ಸಂಬಳ ಎಷ್ಟು, ಶಿಫ್ಟ್ ಯಾವುದು, ಪಿಎಫ್ ಇಎಸ್ಐ ಉಂಟೇ, ಕೆಲಸ ಕಂಪನಿಯದೋ ಕಾಂಟ್ರಾಕ್ಟಿನದೋ ಎಂಬುದನ್ನು ಅವರು ಕನ್ನಡದಲ್ಲಿ ಬರೆದು ಹಾಕಲಿ. ತುಮಕೂರಿನಿಂದಲೂ ಹಾಸನದಿಂದಲೂ ಫೋನು ಬರುವುದು ಆಗ.