ಶಿಶು ಆಹಾರದ ಸೀಸ: ಪರೀಕ್ಷೆಯ ಹೊಣೆ ತಾಯಿಯದೇ?

ಈಚೆಗೆ ನನ್ನ ಮೊಮ್ಮಗಳಿಗೆ ಆರು ತಿಂಗಳು ತುಂಬಿ ಮನೆಯಲ್ಲಿ ಅನ್ನಪ್ರಾಶನದ ಸಿದ್ಧತೆ ನಡೆದಿತ್ತು. ಶಿಶು ಆಹಾರದ ಡಬ್ಬಿಯೊಂದನ್ನು ತಿರುಗಿಸಿ ನೋಡುತ್ತಿದ್ದ ಮಗಳು, ‘ಅಪ್ಪಾ, ನೀವು ಇಷ್ಟು ವರ್ಷ ಸರ್ಕಾರದಲ್ಲಿ ಇದ್ದವರು. ಇದರಲ್ಲಿ ಸೀಸ ಇಲ್ಲವೆಂದು ನನಗೆ ಗೊತ್ತಾಗುವುದು ಹೇಗೆ?’ ಎಂದು ಕೇಳಿದಳು. ಡಬ್ಬಿಯ ಮೇಲೆ ಪರವಾನಗಿ ಸಂಖ್ಯೆ, ತಯಾರಿಕೆಯ ದಿನಾಂಕ, ಪ್ರೋಟೀನು ಮತ್ತು ಕಬ್ಬಿಣಾಂಶದ ಪ್ರಮಾಣ ಎಲ್ಲವೂ ಇದ್ದವು. ಅವಳ ಪ್ರಶ್ನೆಗೆ ಉತ್ತರ ಅಲ್ಲಿರಲಿಲ್ಲ. ನನ್ನ ಬಳಿಯೂ ಇರಲಿಲ್ಲ.

ಇದನ್ನು ಹೊಸ ತಾಯಿಯ ಅತಿಯಾದ ಆತಂಕವೆಂದು ತಳ್ಳಿಹಾಕುವಂತಿಲ್ಲ. 2023ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಕೆಲವು ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ಏರಿರುವುದು ಕಂಡುಬಂತು. ಅಧಿಕಾರಿಗಳು ಮೂಲವನ್ನು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಈಕ್ವೆಡಾರ್‌ನಲ್ಲಿ ತಯಾರಾದ, ದಾಲ್ಚಿನ್ನಿ ಬೆರೆಸಿದ ಸೇಬಿನ ತಿರುಳಿನ ಪೊಟ್ಟಣ. ದಾಲ್ಚಿನ್ನಿ ಪುಡಿಯಲ್ಲಿ ಲೆಡ್ ಕ್ರೋಮೇಟ್ ಎಂಬ ಬಣ್ಣದ ರಾಸಾಯನಿಕದ ಕಲಬೆರಕೆಯಾಗಿತ್ತು. ದೇಶದಾದ್ಯಂತ ಐನೂರಕ್ಕೂ ಹೆಚ್ಚು ಪ್ರಕರಣಗಳು ವರದಿಯಾದವು. ಗಮನಿಸಬೇಕಾದ ಸಂಗತಿಯೆಂದರೆ, ಈ ವಿಷ ಕಾರ್ಖಾನೆಯ ಪ್ರಯೋಗಾಲಯವನ್ನೂ ಬಂದರಿನ ತಪಾಸಣೆಯನ್ನೂ ದಾಟಿ ಬಂದು, ಕೊನೆಗೆ ಪತ್ತೆಯಾದದ್ದು ಮಕ್ಕಳ ರಕ್ತಪರೀಕ್ಷೆಯಲ್ಲಿ. ನಮ್ಮಲ್ಲಿ ಎಳೆಯ ಮಕ್ಕಳ ರಕ್ತದಲ್ಲಿನ ಸೀಸವನ್ನು ವಾಡಿಕೆಯಾಗಿ ಅಳೆಯುವ ವ್ಯವಸ್ಥೆಯೇ ಇಲ್ಲ. ಇಂತಹ ಪೊಟ್ಟಣ ಇಲ್ಲಿ ಮಾರಾಟವಾಗಿದ್ದರೆ ಅದು ಬೆಳಕಿಗೆ ಬರುತ್ತಿತ್ತೇ ಎಂಬುದು ಅನುಮಾನ.

ನುಂಗಿದ ಸೀಸವನ್ನು ಎಳೆಯ ಮಕ್ಕಳ ದೇಹ ವಯಸ್ಕರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಳೆಯುತ್ತಿರುವ ಮಿದುಳಿಗೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ತಿಳಿದಿಲ್ಲ. ದೇಹದಲ್ಲಿ ಕಬ್ಬಿಣಾಂಶ ಕಡಿಮೆಯಿದ್ದರೆ ಹೀರುವಿಕೆ ಇನ್ನೂ ಹೆಚ್ಚುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65ರಷ್ಟು ಮಂದಿಗೆ ರಕ್ತಹೀನತೆ ಇದೆ. ಅಂದರೆ ಅಪಾಯ ಹೆಚ್ಚಿರುವುದು ಡಬ್ಬಿಯ ಲೇಬಲ್ ಓದಲು ಬಿಡುವೂ ಅಕ್ಷರವೂ ಇಲ್ಲದ ಮನೆಗಳಲ್ಲಿ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ, ಮುಂದೆ 2001ರ ನೊಬೆಲ್ ಪುರಸ್ಕಾರಕ್ಕೆ ಕಾರಣವಾದ ಪ್ರಬಂಧ ಪರಿಚಿತ. ಸರಕಿನ ಗುಣ ಮಾರುವವನಿಗೆ ಮಾತ್ರ ತಿಳಿದಿದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಕಳಪೆ ಸರಕು ಒಳ್ಳೆಯದನ್ನು ಮಾರುಕಟ್ಟೆಯಿಂದ ಹೊರಗಟ್ಟುತ್ತದೆ ಎಂಬುದು ಅದರ ಸಾರ. ಅವರ ಉದಾಹರಣೆ ಹಳೆಯ ಕಾರುಗಳದು. ಹಳೆಯ ಕಾರನ್ನು ಕೊಂಡವನಿಗೆ ತಿಂಗಳೊಳಗಾದರೂ ಅದರ ಬಣ್ಣ ಬಯಲಾಗುತ್ತದೆ. ಸೀಸ ತಿಂದ ಮಗು ಏಳೆಂಟು ವರ್ಷಗಳ ನಂತರ ತರಗತಿಯಲ್ಲಿ ಹಿಂದುಳಿದರೆ, ಅದನ್ನು ಯಾವ ಡಬ್ಬಿಗೆ ಜೋಡಿಸುವುದು?

ಇನ್ನು ನಮ್ಮ ಅಡುಗೆಮನೆಯ ಅರಿಶಿನ. ಬಾಂಗ್ಲಾದೇಶದ ಹಳ್ಳಿಗಳ ಗರ್ಭಿಣಿಯರ ರಕ್ತದಲ್ಲಿ ಕಂಡ ಸೀಸದ ಮೂಲವನ್ನು ಹುಡುಕಿದ ಸಂಶೋಧಕರಿಗೆ 2019ರಲ್ಲಿ ಸಿಕ್ಕ ಉತ್ತರ, ಕೊಂಬಿಗೆ ಹೊಳಪು ಬರಲೆಂದು ಬಳಿದ ಲೆಡ್ ಕ್ರೋಮೇಟ್. ತಾಯಿಯ ರಕ್ತದಲ್ಲಿರುವ ಸೀಸ ಹುಟ್ಟುವ ಮೊದಲೇ ಮಗುವನ್ನು ತಲುಪುತ್ತದೆ ಎಂಬುದನ್ನು ನೆನಪಿಡಬೇಕು. ಮುಂದೆ ಆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಮಾಡಿದ್ದು ತೀರಾ ಸರಳ. ಪತ್ರಿಕೆಗಳಲ್ಲಿ ಎಚ್ಚರಿಕೆ ಕೊಟ್ಟಿತು, ಢಾಕಾದ ಸಗಟು ಪೇಟೆಗೆ ಕೈಯಲ್ಲಿ ಹಿಡಿಯುವ ಎಕ್ಸ್-ರೇ ಯಂತ್ರದೊಂದಿಗೆ ಹೋಗಿ ಸ್ಥಳದಲ್ಲೇ ಪರೀಕ್ಷಿಸಿತು, ತಪ್ಪಿತಸ್ಥ ವರ್ತಕರಿಗೆ ದಂಡ ಹಾಕಿತು. 2019ರಲ್ಲಿ ಪೇಟೆಯ ಮಾದರಿಗಳಲ್ಲಿ ಶೇ 47ರಲ್ಲಿ ಸೀಸ ಪತ್ತೆಯಾಗಿತ್ತು. 2021ರ ಹೊತ್ತಿಗೆ ಆ ಪ್ರಮಾಣ ಸೊನ್ನೆಗೆ ಇಳಿಯಿತು. ನಮಗಿಂತ ಬಡ ದೇಶವೆಂದು ನಾವು ಭಾವಿಸಿಕೊಂಡ ನೆರೆಯವರ ಸಾಧನೆ ಇದು. 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಭಾರತ, ಪಾಕಿಸ್ತಾನ, ಶ್ರೀಲಂಕಾ ಮತ್ತು ನೇಪಾಳದ 23 ನಗರಗಳ ಅರಿಶಿನವನ್ನು ಪರೀಕ್ಷಿಸಿತು. ಪಟ್ನಾದ ಕೆಲವು ಮಾದರಿಗಳಲ್ಲಿ ಗ್ರಾಂಗೆ 1,000 ಮೈಕ್ರೋಗ್ರಾಂ ಮೀರಿದ ಸೀಸವಿತ್ತು. ಹೋಲಿಕೆಗೆ ಹೇಳುವುದಾದರೆ, ಅರಿಶಿನಕ್ಕೆ ನಮ್ಮ ನಿಯಮ ವಿಧಿಸಿದ ಮಿತಿ 10.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಆಹಾರ ವಿಶ್ಲೇಷಕರು 14 ದಿನಗಳಲ್ಲಿ ವರದಿ ಕೊಡಬೇಕು. ಹಳೆಯ 1954ರ ಕಾಯ್ದೆಯ ಕಾಲದಲ್ಲಿ ನಾನು ಜಿಲ್ಲೆಯೊಂದರಲ್ಲಿದ್ದಾಗ, ‘ಅಸುರಕ್ಷಿತ’ ಎಂಬ ವರದಿ ಕೈಸೇರುವ ಹೊತ್ತಿಗೆ ಆ ಸರಕು ಜನರ ಹೊಟ್ಟೆ ಸೇರಿ ಆಗಿರುತ್ತಿತ್ತು. ಕಡತಕ್ಕೆ ಸಹಿ ಹಾಕಿ ಮುಂದಿನದನ್ನು ತೆರೆಯುತ್ತಿದ್ದೆವು. ಆ ಅಂಗಡಿಯ ಗಿರಾಕಿಗಳಿಗೆ ತಿಳಿಸಬೇಕೆಂದು ನನಗೂ ಹೊಳೆಯಲಿಲ್ಲ. ಇಂದಿಗೂ ನಾಗರಿಕರಿಗೆ ಸಿಗುವುದು ಎಷ್ಟು ಮಾದರಿ ತೆಗೆದರು, ಎಷ್ಟು ವಿಫಲವಾದವು ಎಂಬ ರಾಜ್ಯವಾರು ಮೊತ್ತ. ತಾಯಿಗೆ ಬೇಕಾದದ್ದು ತನ್ನ ಕೈಯಲ್ಲಿರುವ ಡಬ್ಬಿಯ ವಿಚಾರ.

ಮನೆಮಂದಿ ಮಾಡಬಹುದಾದದ್ದು ಏನೂ ಇಲ್ಲವೆಂದಲ್ಲ. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು. ಅಂಗಡಿಯ ಕಾಡಿಗೆಯನ್ನು ಮಗುವಿನ ಕಣ್ಣಿನಿಂದ ದೂರವಿಡಬೇಕು. ಕೆಲವು ಬಗೆಯ ಕಾಡಿಗೆಯ ಕಪ್ಪು ಸೀಸದ ಸಲ್ಫೈಡಿನದು. ಈ ಮಾತಿಗೆ ನಮ್ಮ ಮನೆಯ ಹಿರಿಯರು ಇನ್ನೂ ಒಪ್ಪಿಲ್ಲ, ದೃಷ್ಟಿಬೊಟ್ಟಿನ ವಿಷಯದಲ್ಲಿ ಮಾತುಕತೆ ಮುಂದುವರಿದಿದೆ. ಹಾಲಿನ ಬಾಟಲಿಗಳಲ್ಲಿ ಬಿಸ್ಫಿನಾಲ್-ಎ ಇರಕೂಡದೆಂದು ಭಾರತೀಯ ಮಾನಕ ಬ್ಯೂರೋ 2015ರಲ್ಲೇ ಗುಣಮಟ್ಟ ನಿಗದಿಪಡಿಸಿದೆ. ಬಾಟಲಿಗಿಂತ ಲೋಟ-ಚಮಚೆಯೇ ಮೇಲು. ಅಕ್ಕಿ ಮಣ್ಣು-ನೀರಿನ ಆರ್ಸೆನಿಕ್ಕನ್ನು ಬೇರೆ ಧಾನ್ಯಗಳಿಗಿಂತ ಹೆಚ್ಚು ಹೀರುವುದರಿಂದ ಅದೊಂದನ್ನೇ ನೆಚ್ಚದೆ ರಾಗಿ, ಹೆಸರುಬೇಳೆಯನ್ನೂ ಸರದಿಯ ಮೇಲೆ ಕೊಡುವುದು ಒಳ್ಳೆಯದು. ಮಗಳು ಡಬ್ಬಿಯನ್ನು ಬದಿಗಿಟ್ಟು ರಾಗಿ ಸರಿ ಮಾಡಿದಳು. ಆದರೆ ಆ ರಾಗಿಯೂ ಅಂಗಡಿಯಿಂದ ಬಂದದ್ದೇ. ಕಣ್ಣಿಗೂ ನಾಲಿಗೆಗೂ ಸಿಗದ ವಿಷದ ಮುಂದೆ ಮನೆಯ ಎಚ್ಚರ ಅಷ್ಟು ದೂರ ಮಾತ್ರ ಹೋಗಬಲ್ಲದು.

ಕ್ಯಾಲಿಫೋರ್ನಿಯಾ ಇದಕ್ಕೊಂದು ದಾರಿ ತೋರಿದೆ. ಅಲ್ಲಿನ ಶಾಸನದ ಪ್ರಕಾರ ಶಿಶು ಆಹಾರ ತಯಾರಕರು ಆರ್ಸೆನಿಕ್, ಕ್ಯಾಡ್ಮಿಯಂ, ಸೀಸ ಮತ್ತು ಪಾದರಸಕ್ಕಾಗಿ ಪ್ರತಿ ತಿಂಗಳೂ ಪರೀಕ್ಷೆ ನಡೆಸಬೇಕು. 2025ರ ಜನವರಿಯಿಂದ ಅದರ ಫಲಿತಾಂಶವನ್ನು ಸಾರ್ವಜನಿಕರ ಮುಂದಿಡಬೇಕು. ಸೀಸ ಮಣ್ಣಿನಲ್ಲೇ ಇದೆ, ಸೊನ್ನೆ ಅಸಾಧ್ಯ ಎನ್ನುತ್ತದೆ ಉದ್ಯಮ. ನಿಜ, ಹಾಗಾದರೆ ಎಷ್ಟಿದೆ ಎಂಬುದನ್ನೇ ಹೇಳಲಿ. ಸಣ್ಣ ತಯಾರಕರಿಗೆ ಪರೀಕ್ಷಾ ವೆಚ್ಚ ಭಾರವಾದರೆ ಆರಂಭದ ವರ್ಷಗಳಲ್ಲಿ ಸರ್ಕಾರಿ ಪ್ರಯೋಗಾಲಯಗಳು ಅದನ್ನು ಭರಿಸಬಹುದು. ಲೇಬಲ್‌ ನಿಯಮಗಳನ್ನು ರೂಪಿಸುವ ಅಧಿಕಾರ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರಕ್ಕೆ 2006ರ ಕಾಯ್ದೆಯಡಿ ಈಗಾಗಲೇ ಇದೆ. ಮೊದಲ ಹೆಜ್ಜೆಯಾಗಿ ಶಿಶು ಆಹಾರಕ್ಕೆ ಮತ್ತು ಅರಿಶಿನಕ್ಕೆ ಇದನ್ನು ಅನ್ವಯಿಸಲಿ. ಬ್ಯಾಚ್ ಸಂಖ್ಯೆಯ ಪಕ್ಕದಲ್ಲೇ ಆ ಬ್ಯಾಚಿನ ಸೀಸದ ಅಂಕಿಯೂ ಅಚ್ಚಾಗಲಿ.