ತನ್ನ ಗುಣವನ್ನು ತಾನೇ ಹೇಳುವ ಸಂಕಟ

ಮಹಾಭಾರತದ ಕರ್ಣಪರ್ವದಲ್ಲೊಂದು ವಿಚಿತ್ರ ಪ್ರಸಂಗವಿದೆ. ಅಣ್ಣನನ್ನು ನಿಂದಿಸಿದ ಪಶ್ಚಾತ್ತಾಪದಿಂದ ಪ್ರಾಣ ಬಿಡಲು ಹೊರಟ ಅರ್ಜುನನಿಗೆ ಕೃಷ್ಣ ಬೇರೊಂದು ದಾರಿ ತೋರುತ್ತಾನೆ: ತನ್ನನ್ನು ತಾನೇ ಹೊಗಳಿಕೊಂಡರೆ ಸಾಕು, ಅದು ಆತ್ಮಹತ್ಯೆಗೆ ಸಮ. ಬಸವಣ್ಣನವರೂ ಆತ್ಮಪ್ರಶಂಸೆಯನ್ನು ಕಳ್ಳತನ, ಹಿಂಸೆಗಳ ಸಾಲಿನಲ್ಲೇ ಇಟ್ಟರು. ಇಂಥ ಸಂಸ್ಕಾರದಲ್ಲಿ ಬೆಳೆದ ಮಕ್ಕಳನ್ನು ಸಂದರ್ಶನದ ಕೊಠಡಿಯಲ್ಲಿ ಕೂರಿಸಿ, ‘ನಿಮ್ಮ ಸಾಮರ್ಥ್ಯಗಳೇನು?’ ಎಂದು ಕೇಳುತ್ತೇವೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಸಂಸ್ಥೆಯೊಂದರ ಆಯ್ಕೆ ಸಮಿತಿಯಲ್ಲಿ ನಾನೂ ಇದ್ದೆ. ಲೆಕ್ಕಪತ್ರ ವಿಭಾಗದ ಹುದ್ದೆ. ಹಾಸನದ ಕಡೆಯ ಹುಡುಗಿಯೊಬ್ಬಳು ಈ ಪ್ರಶ್ನೆಗೆ ಬಾಯಿಪಾಠ ಒಪ್ಪಿಸಿದಳು: ಪರಿಶ್ರಮಿ, ಬೇಗ ಕಲಿಯುವವಳು, ತಂಡದಲ್ಲಿ ಹೊಂದಿಕೊಳ್ಳುವವಳು. ಅಂದು ಬಂದವರೆಲ್ಲ ಹೇಳಿದ್ದೂ ಇದನ್ನೇ. ಅಂಕ ಕಡಿಮೆ ಬಿತ್ತು. ಫಲಿತಾಂಶ ಪ್ರಕಟವಾದ ಮೇಲೆ ಜಗಲಿಯಲ್ಲಿ ಮಾತಿಗೆಳೆದಾಗ ತಿಳಿದ ಸಂಗತಿಯೇ ಬೇರೆ. ಊರಿನ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಯಾಗಿದ್ದ ತಂದೆ ಕಾಯಿಲೆ ಬಿದ್ದಾಗ, ಎರಡು ವರ್ಷ ಬೆಳಿಗ್ಗೆ ಸಂಜೆ ಹಾಲು ಅಳೆದು, ಕೊಬ್ಬಿನಂಶ ನೋಡಿ ದರ ಕಟ್ಟಿ, ಬಟವಾಡೆಯ ದಿನ ಏಳುವ ಜಗಳಗಳನ್ನೂ ತೀರಿಸಿದವಳು ಆಕೆ. ಇದನ್ನೇಕೆ ಹೇಳಲಿಲ್ಲ ಎಂದರೆ, ‘ಅದು ಮನೆ ಕೆಲಸ ಸಾರ್, ಅದನ್ನೆಲ್ಲ ಇಲ್ಲಿ ಹೇಳಬಾರದು ಅಂದ್ಕೊಂಡೆ’ ಎಂದಳು.

ಆಕೆ ತಡೆದುಕೊಂಡದ್ದು ಆತ್ಮಸ್ತುತಿಯನ್ನಲ್ಲ, ಸಾಕ್ಷ್ಯವನ್ನು. ಉತ್ತರಕುಮಾರ ಅಂತಃಪುರದಲ್ಲಿ ಕೊಚ್ಚಿಕೊಂಡದ್ದು ತಾನು ಮುಂದೆ ಮಾಡಲಿರುವುದರ ಬಗ್ಗೆ. ಹಾಲಿನ ಲೆಕ್ಕವಾದರೋ ನಡೆದುಹೋದದ್ದು. ‘ನಾನು ಪ್ರಾಮಾಣಿಕ’ ಎಂಬ ಮಾತನ್ನು ಯಾರೂ ಪರೀಕ್ಷಿಸಲಾರರು. ‘ಪುಸ್ತಕಕ್ಕೂ ಪೆಟ್ಟಿಗೆಗೂ ತಾಳೆಯಾಗದ ದಿನ ಹೀಗೆ ಮಾಡಿದೆ, ಹೀಗಾಯಿತು’ ಎಂದರೆ ಎದುರಿಗಿದ್ದವರು ಮರುಪ್ರಶ್ನೆ ಹಾಕಬಹುದು. ಸುಳ್ಳಾದರೆ ಎರಡನೆಯ ಪ್ರಶ್ನೆಗೇ ಕುಸಿಯುತ್ತದೆ. ದುರದೃಷ್ಟವೆಂದರೆ, ನಮ್ಮ ಬಹುತೇಕ ತರಬೇತಿ ಕೇಂದ್ರಗಳು ಕಲಿಸುವುದು ವಿಶೇಷಣಗಳನ್ನೇ. ಜೊತೆಗೆ ಕತ್ತುಪಟ್ಟಿ ಕಟ್ಟುವುದನ್ನು.

ಈ ಹೊಣೆಯನ್ನು ಅಭ್ಯರ್ಥಿಯೊಬ್ಬರ ಮೇಲೆಯೇ ಹೊರಿಸುವುದೂ ತರವಲ್ಲ. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಆದರೆ ನಾಗರಿಕ ಸೇವಾ ಪರೀಕ್ಷೆಯ 2,025 ಅಂಕಗಳಲ್ಲಿ 275 ಇಂದಿಗೂ ವ್ಯಕ್ತಿತ್ವ ಪರೀಕ್ಷೆಯದು. ಅಲ್ಲಿ ಕನ್ನಡದಲ್ಲಿ ಉತ್ತರಿಸಲು ಅವಕಾಶವಾದರೂ ಇದೆ. ಖಾಸಗಿ ಸಂಸ್ಥೆಗಳಲ್ಲಿ ಇಂಗ್ಲಿಷಿನ ತಡವರಿಕೆಯನ್ನೇ ಅಸಾಮರ್ಥ್ಯವೆಂದು ಬಗೆಯುವ ಸಮಿತಿಗಳಿಗೇನೂ ಕೊರತೆಯಿಲ್ಲ. ನಮ್ಮದೂ ಅಂಥದ್ದೇ ಆಗಿತ್ತೇನೋ.

ಅಂದಿನ ಪಟ್ಟಿಯನ್ನು ನಾವು ಬದಲಿಸಲಿಲ್ಲ, ಸಹಿ ಬಿದ್ದಾಗಿತ್ತು. ಆಮೇಲೆ ಎಲ್ಲಿ ಕುಳಿತರೂ ನಾನು ಸಾಮರ್ಥ್ಯಗಳ ಪ್ರಶ್ನೆ ಕೇಳುವುದಿಲ್ಲ. ನಿಮ್ಮ ಮನೆಯಲ್ಲಿ ಲೆಕ್ಕ ನೋಡುವವರು ಯಾರು ಎಂದು ಕೇಳುತ್ತೇನೆ.